ಅಮೆರಿಕದ ಒಂದು ಕಪ್ ಎಂದರೆ ಎಷ್ಟು ಗ್ರಾಂ?

ಪಾವು, ಲೋಟ, ಹಿಡಿ ಎಂದು ಅಳೆದೇ ಬೆಳೆದವರು ನಾವು. ಅಮೆರಿಕದ ಪಾಕವಿಧಾನದಲ್ಲಿ ‘ಕಪ್’ ಎಂದು ಕಂಡರೆ ಕೈ ತಾನಾಗಿ ಲೋಟದ ಕಡೆ ಹೋಗುತ್ತದೆ. ನಾನೂ ಊರಿನಿಂದ ತಂದ ಸ್ಟೀಲ್ ಲೋಟದಲ್ಲಿ ಮೈದಾ ಒತ್ತಿ ತುಂಬಿ ಅಳೆದಿದ್ದೆ. ಮಗಳ ಹುಟ್ಟುಹಬ್ಬದ ಕೇಕ್ ಗಟ್ಟಿಯಾಗಿ ಒಣಗಿಹೋಯಿತು.

ಇಲ್ಲಿ ಅಮೆರಿಕದಲ್ಲಿ ಕಪ್ ಎಂದರೆ ನಿಗದಿಯಾದ ಅಳತೆ: ಸುಮಾರು 237 ಮಿಲಿಲೀಟರ್. ಅಷ್ಟರಲ್ಲಿ 16 ಟೇಬಲ್ ಚಮಚ, ಒಂದು ಟೇಬಲ್ ಚಮಚಕ್ಕೆ 3 ಟೀ ಚಮಚ. ಪೊಟ್ಟಣಗಳ ಮೇಲಿನ ಪೋಷಕಾಂಶದ ಪಟ್ಟಿಯಲ್ಲಿ ಅದನ್ನೇ 240 ಎಂದು ಹಿಡಿಯುತ್ತಾರೆ. ಅಡುಗೆಗೆ ಆ ಅಂತರ ತಟ್ಟುವುದಿಲ್ಲ.

ತಟ್ಟುವುದು ತೂಕ. ಅದೇ ಕಪ್‌ನಲ್ಲಿ ನೀರು 237 ಗ್ರಾಂ, ಸಕ್ಕರೆ 200, ರವೆ ಸುಮಾರು 165, ಕಡಲೆಹಿಟ್ಟು ಸುಮಾರು 90, ಜೇನುತುಪ್ಪ 340. ಎಲ್ಲಕ್ಕಿಂತ ಕಾಡುವುದು ಮೈದಾ. ಚಮಚದಿಂದ ಸಡಿಲವಾಗಿ ತುಂಬಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿದರೆ 120ರಿಂದ 125 ಗ್ರಾಂ. ಕಪ್ಪನ್ನೇ ಡಬ್ಬಿಗೆ ಅದ್ದಿ ಎತ್ತಿದರೆ 140 ದಾಟುತ್ತದೆ. ಮೂರು ಕಪ್ ಹಾಕುವಾಗ ಅರ್ಧ ಕಪ್ಪಿನಷ್ಟು ಹೆಚ್ಚಾಯಿತು! ಹೀಗೆ ಸವರಿ ಮಟ್ಟ ಮಾಡುವ ಕ್ರಮ ಇಲ್ಲಿ ಮನೆಮಾತಾದದ್ದರಲ್ಲಿ ಬಾಸ್ಟನ್ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ ಅವರ 1896ರ ಪುಸ್ತಕದ ಪಾಲು ದೊಡ್ಡದು. ಕಂದು ಸಕ್ಕರೆ ಮಾತ್ರ ಇದಕ್ಕೆ ಹೊರತು. ಅದನ್ನು ಒತ್ತಿಯೇ ತುಂಬಬೇಕು.

ಔನ್ಸ್ ಇನ್ನೊಂದು ಗೊಂದಲ. ಒಂದೇ ಹೆಸರು, ಎರಡು ಅಳತೆ: ತೂಕದ ಔನ್ಸ್ 28.35 ಗ್ರಾಂ, ದ್ರವದ ಔನ್ಸ್ 29.57 ಮಿಲಿಲೀಟರ್. 12 ಔನ್ಸ್ ತೂಕದ ಜೇನು ಬಾಟಲಿಯಲ್ಲಿ ಇರುವುದು ಒಂದೇ ಕಪ್, ಅಂದರೆ 8 ದ್ರವ ಔನ್ಸ್. ‘ಎಫ್‌ಎಲ್’ ಎಂಬ ಅಕ್ಷರಗಳು ಜೊತೆಗಿದ್ದರೆ ಅದು ದ್ರವದ್ದು. ಬೆಣ್ಣೆಯಲ್ಲಿ ಈ ತಾಪತ್ರಯವಿಲ್ಲ. ಇಲ್ಲಿ ಬೆಣ್ಣೆ ಬರುವ ಉದ್ದನೆಯ ತುಂಡು, ಅಂದರೆ ಒಂದು ಸ್ಟಿಕ್, 113 ಗ್ರಾಂ, ಅರ್ಧ ಕಪ್.

ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ಪನ್ನು ಅಳತೆಯ ಕಪ್‌ಗಳ ಜೊತೆ ಇಡಬೇಡಿ. ಸಾಮಾನ್ಯವಾಗಿ ಅದು ಜಪಾನಿನ ಅಳತೆ, 180 ಮಿಲಿಲೀಟರ್. ಕುಕ್ಕರಿನೊಳಗಿನ ನೀರಿನ ಗೆರೆಗಳೂ ಆ ಕಪ್ಪಿಗೇ ಹೊಂದಿಕೊಂಡಿರುತ್ತವೆ. ಅಮೆರಿಕದ ಕಪ್‌ನಲ್ಲಿ ಅಕ್ಕಿ ಹಾಕಿ ಗೆರೆಯವರೆಗೆ ನೀರು ಹಾಕಿದರೆ ಅನ್ನ ಬಿರುಸಾಗುತ್ತದೆ.

ಹಾಗೆಂದು ಎಲ್ಲವನ್ನೂ ಗ್ರಾಂಗೆ ಇಳಿಸಬೇಕಿಲ್ಲ. ಉಪ್ಪಿಟ್ಟು, ಕೇಸರಿಬಾತ್, ಮೈಸೂರು ಪಾಕ್ ನಿಂತಿರುವುದು ಒಂದಕ್ಕೆ ಎರಡು, ಒಂದಕ್ಕೆ ಮೂರು ಎಂಬ ಪ್ರಮಾಣದ ಮೇಲೆ. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಅಳೆದರೆ ಅದು ಯಾವ ದೇಶದ್ದಾದರೂ ನಡೆಯುತ್ತದೆ. ಕೇಕ್, ಬ್ರೆಡ್, ಬಿಸ್ಕತ್ತಿಗೆ ಮಾತ್ರ ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಕೊಳ್ಳಿ. ಖಾಲಿ ಪಾತ್ರೆ ಇಟ್ಟು ‘ಟೇರ್’ ಗುಂಡಿ ಒತ್ತಿದರೆ ಅಂಕಿ ಸೊನ್ನೆಯಾಗುತ್ತದೆ. ಒಂದೊಂದನ್ನೂ ಸುರಿದು ಮತ್ತೆ ಒತ್ತುತ್ತಾ ಹೋಗಬಹುದು. ತೊಳೆಯಬೇಕಾದ ಪಾತ್ರೆಯೂ ಒಂದೇ.

ಅಮ್ಮನ ‘ಒಂದು ಪಾವು’ ಎಷ್ಟೆಂದು ತಿಳಿಯಲೂ ಅದೇ ತಕ್ಕಡಿ ಸಾಕು. ಮುಂದಿನ ಸಲ ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಅದನ್ನೂ ಇಟ್ಟುಕೊಳ್ಳಿ. ಪಾವಿಗೆ ಅಂಚಿನವರೆಗೆ ನೀರು ತುಂಬಿ ತೂಗಿ. ನೀರಿನ ಗ್ರಾಂ ಎಷ್ಟೋ ಮಿಲಿಲೀಟರ್ ಅಷ್ಟೇ. ಅದನ್ನು 237ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಅಮ್ಮನ ಪಾಕವಿಧಾನದ ಪಕ್ಕದಲ್ಲೇ ಬರೆದಿಡಿ.