‘ರನ್’ ಕಲಿಸುವ ಮುಂಚೆ ನಾನು ‘ಹೊಡೆ’ ಕಲಿಸುತ್ತೇನೆ

ತೀರ್ಥಹಳ್ಳಿಯಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಪಿಯುಸಿ ಮುಗಿಸಿದವರು, ನರ್ಸಿಂಗ್ ಓದುವವರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು ಎಲ್ಲ ಬರುತ್ತಾರೆ. ಇವರಿಗೆ ಉದ್ದುದ್ದ ಪದಗಳು ಕಷ್ಟವೇ ಅಲ್ಲ. ಫೋಟೋಸಿಂಥೆಸಿಸ್‌ಗೆ ಇರುವುದು ಒಂದೇ ಅರ್ಥ. ಒಮ್ಮೆ ಕಲಿತರೆ ಮುಗಿಯಿತು. ಗೋಳು ಹೊಯ್ದುಕೊಳ್ಳುವುದು ರನ್, ಗೆಟ್, ಸೆಟ್‌ನಂಥ ಪುಟಾಣಿಗಳು. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಅರ್ಥಗಳ ಲೆಕ್ಕದಲ್ಲಿ ‘ಸೆಟ್’ ಎಲ್ಲಕ್ಕಿಂತ ಮುಂದಿತ್ತು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ 645 ಅರ್ಥ!

ಅಷ್ಟನ್ನೂ ಬಾಯಿಪಾಠ ಮಾಡಿಸಲು ಆಗುತ್ತದಾ? ನಾನು ಬೋರ್ಡಿನ ಮೇಲೆ ಮೊದಲು ‘ಹೊಡೆ’ ಅಂತ ಬರೆಯುತ್ತೇನೆ.

“ಅರ್ಥ ಏನು?”

“ಬಡಿಯೋದು, ಮೇಡಂ.”

“ಮಳೆಗಾಲದಲ್ಲಿ ತೋಟಕ್ಕೆ ಔಷಧಿ ಹೊಡೀತೀರಲ್ಲ, ಮರಕ್ಕೆ ಬಡೀತೀರಾ?”

ಅಲ್ಲಿಂದ ಶುರು. ಗೋಡೆಗೆ ಸುಣ್ಣ ಹೊಡೆಯುವುದು, ಹರಟೆ ಹೊಡೆಯುವುದು, ಗೊರಕೆ ಹೊಡೆಯುವುದು, ತುಂಗೆಯಲ್ಲಿ ಈಜು ಹೊಡೆಯುವುದು. ಒಬ್ಬ ಹುಡುಗ ತಗ್ಗಿದ ದನಿಯಲ್ಲಿ “ಫೇಲ್ ಹೊಡೆಯೋದು” ಅಂತಲೂ ಸೇರಿಸಿದ. ಇದನ್ನೆಲ್ಲ ಇವರಿಗೆ ಯಾರೂ ಪಟ್ಟಿ ಮಾಡಿ ಕಲಿಸಿಲ್ಲ. ಪಕ್ಕದಲ್ಲಿ ಸುಣ್ಣ ಇದೆಯೋ ಗೊರಕೆ ಇದೆಯೋ ನೋಡಿಯೇ ಅರ್ಥ ಹಿಡಿದಿದ್ದಾರೆ.

ಆಮೇಲೆ ‘ರನ್’ ಬರೆದು ಒಂದೇ ಪ್ರಶ್ನೆ ಕೇಳುತ್ತೇನೆ. ಏನು ರನ್ ಆಗ್ತಿದೆ? ಬಸ್ಸಾದರೆ ಓಡುತ್ತದೆ. ಸಿನಿಮಾನೂ ಓಡುತ್ತದೆ. ಹೊಳೆಯಾದರೆ ಹರಿಯುತ್ತದೆ, ಮೂಗಾದರೆ ಸೋರುತ್ತದೆ. ಹೊಸ ಸೀರೆ ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ, ಅದೂ ರನ್ನೇ. ಆಗುಂಬೆ ಕಡೆ ರಸ್ತೆ ಹೋಗುತ್ತದೆ. ಅಂಗಡಿಯನ್ನು ಮಾತ್ರ ಯಾರಾದರೂ ನಡೆಸಬೇಕು. ಇಂಗ್ಲಿಷಿನವರು ಒಂದರಲ್ಲೇ ಮುಗಿಸಿದ್ದಕ್ಕೆ ನಮ್ಮಲ್ಲಿ ಬೇರೆ ಬೇರೆ ಮಾತು ಇವೆ. ಹಾಗಾಗಿ ರನ್ ಕಂಡ ಕೂಡಲೇ ‘ಓಡು’ ಅಂತ ಬರೆಯುವ ಅಭ್ಯಾಸವನ್ನು ಮೊದಲು ಬಿಡಿಸುತ್ತೇನೆ. ಯಾವುದು ರನ್ ಆಗ್ತಿದೆ ಅಂತ ನೋಡಿದ ಮೇಲೇ ಕನ್ನಡ ಹುಡುಕಬೇಕು.

ಜಾಸ್ತಿ ಹೊತ್ತು ಹಿಡಿಯುವುದು ನರ್ಸಿಂಗ್ ಹುಡುಗಿಯರ ಜೊತೆ. “ಶಿ ಈಸ್ ರನ್ನಿಂಗ್ ಎ ಟೆಂಪರೇಚರ್” ಅಂದರೆ, “ಟೆಂಪರೇಚರ್ ನಡೆಸ್ತಿದ್ದಾಳಾ ಮೇಡಂ?” ಅಂತ ಕೇಳುತ್ತಾರೆ. ಪಾಪ, ನ್ಯಾಯವೇ. ಅಂಗಡಿ ಲೆಕ್ಕದಲ್ಲಿ ನೋಡಿದರೆ ಹಾಗೇ ಆಗಬೇಕು. ಆದರೆ ಅಲ್ಲಿ ಜ್ವರ ಬಂದಿದೆ ಅಂತ ಅರ್ಥ. ‘ರನ್ ಎ ಟೆಸ್ಟ್’ ಅಂದರೆ ಪರೀಕ್ಷೆ ಮಾಡುವುದು. ಇನ್ನು ‘ದಿ ರನ್ಸ್’ ಅಂದರೆ ಭೇದಿ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ 6080 ರನ್ ಹೊಡೆದರು, ಅದು ಹೆಮ್ಮೆ. ರೋಗಿ “ಐ ಹ್ಯಾವ್ ದಿ ರನ್ಸ್” ಅಂದರೆ ಚಪ್ಪಾಳೆ ತಟ್ಟಬೇಡಿ, ಓಆರ್‌ಎಸ್ ಕೊಡಿ ಅನ್ನುತ್ತೇನೆ. ಈ ಒಂದು ಅರ್ಥವನ್ನು ಮಾತ್ರ ಯಾರೂ ಮರೆಯುವುದಿಲ್ಲ.

‘ರನ್ ಔಟ್ ಆಫ್’, ‘ರನ್ ಇಂಟು’ ಥರದವನ್ನು ಬಿಡಿಸಲು ಹೋಗಬಾರದು, ಇಡಿಯಾಗಿ ಕಲಿಯಬೇಕು. ಡಬ್ಬದಲ್ಲಿ ಅಕ್ಕಿ ಮುಗಿದರೆ ಮೊದಲನೆಯದು, ಪೇಟೆಯಲ್ಲಿ ಹಳೇ ಗೆಳತಿ ಅಚಾನಕ್ ಸಿಕ್ಕರೆ ಎರಡನೆಯದು. ಚುನಾವಣೆಯದ್ದು ಇನ್ನೂ ತಮಾಷೆ. ಅಮೆರಿಕದವರು ಚುನಾವಣೆಗೆ ‘ರನ್’ ಆಗುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಆಗುತ್ತಾರೆ. ನಾವು ಬ್ರಿಟನ್ನಿನವರ ಹಾಗೇ ನಿಲ್ಲುವವರು.

ಮನೆಕೆಲಸಕ್ಕೆ ಪುಸ್ತಕ ಕೊಡುವುದಿಲ್ಲ. ಮನೆಯಲ್ಲಿ, ಬೀದಿಯಲ್ಲಿ ಕನ್ನಡದ ಮಧ್ಯೆಯೇ ರನ್ ಎಲ್ಲಿ ಕಿವಿಗೆ ಬಿತ್ತು, ಬರೆದು ತನ್ನಿ ಅನ್ನುತ್ತೇನೆ. “ರನ್ನಿಂಗ್ ಬಸ್ ಹತ್ತಬೇಡ” ಎಲ್ಲರೂ ತರುತ್ತಾರೆ. ಬಡಗಿಯೊಬ್ಬರ ಮಗ ತಂದದ್ದು ‘ರನ್ನಿಂಗ್ ಫೂಟ್’. ಅದೇನೋ ಅಂತ ಉಳಿದವರು ಕೇಳಿದರು. ಅವನು ಎದ್ದು ಹೋಗಿ ಬೋರ್ಡಿನ ಕೆಳಗಿನ ಮರದ ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳು ಎಳೆದ. “ಅಗಲ ಲೆಕ್ಕಕ್ಕಿಲ್ಲ. ಉದ್ದಕ್ಕೆ ಮಾತ್ರ ದುಡ್ಡು.”