ಗ್ರಿಡ್ ಮೇಲಿನ ಮಸಿ

ಅಯಾನ್ ಥ್ರಸ್ಟರ್‌ನ ಬಾಳಿಕೆ ಪರೀಕ್ಷೆ ಅಂದರೆ ಮುಕ್ಕಾಲು ಪಾಲು ಕಾಯುವ ಕೆಲಸ. ಕ್ಸೆನಾನ್ ಅನಿಲವನ್ನು ಅಯಾನು (ವಿದ್ಯುದಂಶವಿರುವ ಕಣ) ಮಾಡಿ, ಗ್ರಿಡ್ ಅನ್ನುವ ಎರಡು ತೂತುತೂತಿನ ಲೋಹದ ತಟ್ಟೆಗಳ ವೋಲ್ಟೇಜಿನಿಂದ ಹೊರಗೆ ಚಿಮ್ಮಿಸಿ ನೌಕೆಯನ್ನು ತಳ್ಳುವ ಎಂಜಿನ್ ಅದು. ವ್ಯಾಕ್ಯೂಮ್ ಚೇಂಬರ್ ಒಳಗೆ ನೀಲಿ ಬೆಳಕು, ಹೊರಗೆ ಕರೆಂಟು ವೋಲ್ಟೇಜು ನೋಡುತ್ತಾ ಕೂತ ನಾವು. ಡೀಪ್ ಸ್ಪೇಸ್ 1 ನೌಕೆಯ ಥ್ರಸ್ಟರ್ ಪೂರ್ತಿ ಜೋರಿನಲ್ಲಿ ಓಡಿದರೂ ಕೊಡುತ್ತಿದ್ದದ್ದು 92 ಮಿಲಿನ್ಯೂಟನ್. ಅಂಗೈ ಮೇಲೆ ಎರಡು ಹಾಳೆ ಇಟ್ಟಷ್ಟು! ಇಷ್ಟು ಕಡಿಮೆ ಬಲಕ್ಕೆ ವರ್ಷಗಟ್ಟಲೆ ಓಡಲೇಬೇಕು. ಅದೇ ನೌಕೆಗೆಂದು ಮಾಡಿಟ್ಟಿದ್ದ ಹೆಚ್ಚುವರಿ ಥ್ರಸ್ಟರನ್ನು ನಾಸಾದವರು 1998ರಿಂದ 2003ರವರೆಗೆ ನೆಲದ ಮೇಲೆ 30,352 ಗಂಟೆ ಓಡಿಸಿದರು.

ನಾವು ಓಡಿಸುತ್ತಿದ್ದದ್ದು ಅದಕ್ಕಿಂತ ಚಿಕ್ಕದು, ಆದರೆ ಸವೆಯುವ ರೀತಿ ಒಂದೇ. ಅಯಾನಾಗದೆ ಉಳಿದ ಕ್ಸೆನಾನ್ ನಿಧಾನಕ್ಕೆ ಹೊರಗೆ ಬರುತ್ತಿರುತ್ತದೆ. ವೇಗವಾಗಿ ಹೋಗುವ ಅಯಾನು ಅದರಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಮುಂದೆ ಹೋಗುತ್ತದೆ. ಹಿಂದೆ ಉಳಿದ ನಿಧಾನದ ಅಯಾನನ್ನು ಋಣ ವೋಲ್ಟೇಜಿನ ಹೊರ ಗ್ರಿಡ್ ಎಳೆದುಕೊಳ್ಳುತ್ತದೆ. ಬಂದು ಬಡಿದಾಗಲೆಲ್ಲ ಗ್ರಿಡ್‌ನ ಮಾಲಿಬ್ಡಿನಮ್ ಒಂದಿಷ್ಟು ಕಿತ್ತು ಹೋಗುತ್ತದೆ. ರಂಧ್ರಗಳ ನಡುವೆ ಗುಂಡಿ ಬೀಳುತ್ತದೆ, ರಂಧ್ರಗಳೂ ದೊಡ್ಡದಾಗುತ್ತವೆ.

ಎರಡು ಸಾವಿರ ಗಂಟೆ ದಾಟಿದಾಗ ಚೇಂಬರ್ ಒಳಗಿನ ಕ್ಯಾಮೆರಾದಿಂದ ಫೋಟೋ ತೆಗೆದೆ. ಲೆಕ್ಕ ಹೇಳಿದ್ದಕ್ಕಿಂತ ಗುಂಡಿಗಳ ಆಳ ಕಡಿಮೆ ಇತ್ತು. ನಮ್ಮ ಗ್ರಿಡ್ ಗಟ್ಟಿ ಅಂತ ಖುಷಿಯಾಗಿ ವರದಿಯಲ್ಲೂ ಬರೆದುಬಿಟ್ಟೆ.

ಮಾರನೇ ದಿನ ಅಂಚಿನ ಪರೀಕ್ಷೆ. ಹೊರ ಗ್ರಿಡ್‌ನ ಋಣ ವೋಲ್ಟೇಜನ್ನು ಸೊನ್ನೆಯ ಕಡೆಗೆ ಒಂದೊಂದೇ ವೋಲ್ಟ್ ತಗ್ಗಿಸುತ್ತಾ ಹೋಗಬೇಕು. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಬೀಮ್ ಕರೆಂಟಿನ (ಹೊರಗೆ ಚಿಮ್ಮುವ ಅಯಾನುಗಳ ಕರೆಂಟು) ಕೊನೆಯ ಅಂಕಿ ನಡುಗುತ್ತದೆ, ಮೇಲಕ್ಕೆ ಹತ್ತುತ್ತದೆ. ಆ ಋಣ ವೋಲ್ಟೇಜು ತಡೆದಿಟ್ಟಿದ್ದ ಹೊರಗಿನ ಎಲೆಕ್ಟ್ರಾನುಗಳು ರಂಧ್ರಗಳ ಮೂಲಕ ಒಳಗೆ ನುಗ್ಗಲು ಶುರು ಮಾಡಿವೆ ಅಂತ ಅರ್ಥ. ರಂಧ್ರ ದೊಡ್ಡದಾದಷ್ಟೂ ಇದು ಬೇಗ ಆಗುತ್ತದೆ. ಆ ದಿನ ಹಿಂದಿನ ಸಲಕ್ಕಿಂತ ಬೇಗ ಆಯಿತು. ಫೋಟೋ ಚೆನ್ನಾಗಿದೆ, ಅಂಕಿ ಚೆನ್ನಾಗಿಲ್ಲ. ಎರಡೂ ಹೇಗೆ ನಿಜ?

ನಮ್ಮ ಹಿರಿಯರು ಕೇಳಿದ್ದು ಒಂದೇ ಮಾತು: "ಕ್ರಿಸ್ಟಲ್ ನೋಡಿದೆಯೇನಪ್ಪಾ?"

ನೋಡಿರಲಿಲ್ಲ. ಥ್ರಸ್ಟರ್ ಪಕ್ಕದಲ್ಲಿ ಕಂಪಿಸುತ್ತಿರುವ ಕ್ವಾರ್ಟ್ಜ್ ಕ್ರಿಸ್ಟಲ್‌ನ ಆವರ್ತನ ದಿನವೂ ಇಳಿಯುತ್ತಲೇ ಇತ್ತು. ಅಂದರೆ ಅದರ ಮೇಲೆ ಏನೋ ಕೂತು ಭಾರ ಹೆಚ್ಚುತ್ತಿದೆ. ಚೇಂಬರ್ ಗೋಡೆಗೆ ಗ್ರಾಫೈಟ್ ಹಲಗೆ ಹೊದಿಸಿದ್ದೆವು, ಅಯಾನು ಬಡಿದರೂ ಅದು ಕಡಿಮೆ ಸವೆಯುತ್ತದೆ ಅಂತ. ಕಡಿಮೆ ಅಷ್ಟೆ, ಸೊನ್ನೆ ಅಲ್ಲ. ಅಲ್ಲಿಂದ ಹಾರಿದ ಕಾರ್ಬನ್ ಗ್ರಿಡ್‌ನ ಹೊರ ಮುಖಕ್ಕೆ ಮಸಿಯ ಹಾಗೆ ಮೆತ್ತಿಕೊಂಡು ಸವೆತವನ್ನು ಮುಚ್ಚುತ್ತಿತ್ತು. ರಂಧ್ರದ ಒಳಗೋಡೆಗೆ ಆ ರಕ್ಷಣೆ ಅಷ್ಟಾಗಿ ಇರಲಿಲ್ಲ. ಬಾಹ್ಯಾಕಾಶದಲ್ಲಿ ಗೋಡೆಯೇ ಇಲ್ವಲ್ಲ!

ಇದರ ಉಲ್ಟಾ ತೊಂದರೆಯೂ ಇದೆ. ಪಂಪು ಎಷ್ಟೇ ಎಳೆದರೂ ಚೇಂಬರ್‌ನಲ್ಲಿ ಒಂದಿಷ್ಟು ಕ್ಸೆನಾನ್ ಉಳಿದು, ಹೊರ ಮುಖದ ಸವೆತವನ್ನು ಜಾಸ್ತಿ ಮಾಡುತ್ತದೆ. ಒಂದಕ್ಕೊಂದು ವಜಾ ಆಗುತ್ತೆ ಅಂತ ಸುಮ್ನೆ ಬಿಡುವ ಹಾಗಿಲ್ಲ. ಸವೆತ ಜೋರಿರುವ ಕಡೆ ಕಾರ್ಬನ್ ನಿಲ್ಲುವುದಿಲ್ಲ, ಕಡಿಮೆ ಇರುವ ಕಡೆ ಲೋಹ ತಾಗುವುದೇ ಇಲ್ಲ. ಹಾಗಾಗಿ ಚೇಂಬರ್ ಒತ್ತಡ ಬದಲಿಸಿ ಬದಲಿಸಿ ಅಳೆದು, ಕ್ರಿಸ್ಟಲ್ ಲೆಕ್ಕವನ್ನು ಬೇರೆಯೇ ಇಟ್ಟೆ.

ಕೊನೆಗೆ ಚೇಂಬರ್ ತೆಗೆದಾಗ ಗ್ರಿಡ್ ಪೂರ್ತಿ ಕಪ್ಪು. ಒಂದು ಕಡೆ ಪದರದ ಅಂಚು ಎದ್ದಿತ್ತು. ಚಿಮುಟದಲ್ಲಿ ಹಿಡಿದರೆ ಸಿಪ್ಪೆಯಂತೆ ಬಂತು. ಇಂಥ ಚೂರು ಎರಡು ಗ್ರಿಡ್‌ಗಳ ನಡುವೆ ಸಿಕ್ಕಿಕೊಂಡರೆ ಶಾರ್ಟ್ ಆಗಿ ಥ್ರಸ್ಟರ್ ನಿಲ್ಲುತ್ತದೆ. ಎದ್ದು ಬಂದ ಸಿಪ್ಪೆಯ ಅಡಿಯಲ್ಲಿ ಮಾಲಿಬ್ಡಿನಮ್ ಹೊಸದರಂತೆ ಹೊಳೆಯುತ್ತಿತ್ತು. ಪಕ್ಕದ ರಂಧ್ರದ ಅಂಚು ಮಾತ್ರ ಬ್ಲೇಡಿನಷ್ಟು ತೆಳ್ಳಗಾಗಿತ್ತು.