ಮಳೆಗಾಲಕ್ಕೆ ಮೊದಲೇ ಅಂಗಳದ ಫರಸಿ ನೋಡಿಕೊಳ್ಳಿ

ಬೆಳಗಾವಿಯಲ್ಲಿ ಮನೆ ಮುಂದೆ ಶಹಾಬಾದ ಫರಸಿ, ಅಂದ್ರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಹಾಸಿದವರಿಗೆ ಜುಲೈ ತಿಂಗಳು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಸಹ್ಯಾದ್ರಿಗೆ ಹತ್ತಿರದ ಊರು. ಮಳೆ ಹಿಡಿಯಿತು ಅಂದ್ರೆ ಬಿಸಿಲೇ ಕಾಣುವುದಿಲ್ಲ. ಫರಸಿ ಮೊದಲು ಕಪ್ಪಾಗುತ್ತದೆ, ಆಮೇಲೆ ಹಸಿರಾಗುತ್ತದೆ, ಆಮೇಲೆ ಕಾಲಿಟ್ಟರೆ ಜಾರುತ್ತದೆ. ನಮ್ಮ ಅತ್ತೆಗೆ ವಯಸ್ಸಾಗಿದೆ. ತುಳಸಿಗೆ ನೀರು ಹಾಕಲು ದಿನಾ ಬೆಳಿಗ್ಗೆ ಅದೇ ಫರಸಿ ದಾಟಿ ಹೋಗುತ್ತಾರೆ. ಹಾಗಾಗಿ ನಾನು ಅಂಗಳ ನೋಡಿಕೊಳ್ಳುವುದು ಬರೀ ಚಂದಕ್ಕಲ್ಲ.

ಇಷ್ಟು ವರ್ಷ ಮಾಡಿ ನನಗೆ ಖಾತ್ರಿಯಾದದ್ದು ಒಂದೇ. ಪಾಚಿ ಬಂದ ಮೇಲೆ ಎಷ್ಟು ಉಜ್ಜಿದರೂ ವಾರದಲ್ಲಿ ಮತ್ತೆ ಬರುತ್ತದೆ. ನೀರು ನಿಲ್ಲದ ಹಾಗೆ ಮಾಡಿದರೆ ಬರುವುದೇ ಕಡಿಮೆ. ಅದಕ್ಕೇ ನನ್ನ ದೊಡ್ಡ ಕೆಲಸವೆಲ್ಲ ಮೇ ತಿಂಗಳಲ್ಲೇ ಮುಗಿಯುತ್ತದೆ.

ಮೊದಲು ಅಂಗಳವನ್ನು ಚೆನ್ನಾಗಿ ಗುಡಿಸುತ್ತೇನೆ. ಆಮೇಲೆ ಬಾಗಿಲ ಕಡೆಯಿಂದ ಬಕೆಟ್‌ಗಟ್ಟಲೆ ನೀರು ಸುರಿದು ಸುಮ್ನೆ ನಿಂತು ನೋಡುತ್ತೇನೆ. ನೀರು ಎಲ್ಲಿ ನಿಂತಿತೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುತ್ತೇನೆ. ಜುಲೈನಲ್ಲಿ ಪಾಚಿ ಮೊದಲು ಹಿಡಿಯುವುದು ಅದೇ ಗುರುತಿನ ಜಾಗದಲ್ಲಿ. ಕುಸಿದ ಫರಸಿ ಇದ್ದರೆ ಗೌಂಡಿಯವರನ್ನು ಕರೆದು ಎಬ್ಬಿಸಿ, ಕೆಳಗೆ ಉಸುಕು ಸಿಮೆಂಟ್ ತುಂಬಿಸಿ ಮತ್ತೆ ಕೂರಿಸುತ್ತೇವೆ. ಹತ್ತು ಅಡಿಗೆ ಒಂದೂವರೆ ಇಂಚು ಇಳಿಜಾರು ಇದ್ದರೆ ನೀರು ತಾನಾಗಿಯೇ ಗಟಾರದ ಕಡೆ ಹೋಗುತ್ತದೆ. ಅದು ಮನೆ ಗೋಡೆಯ ಕಡೆ ತಿರುಗಬಾರದು, ಅಷ್ಟು ನೋಡಿಕೊಳ್ಳಿ.

ಸಂದಿಗಳ ಕೆಲಸ ತಾಳ್ಮೆಯದು. ಹುಲ್ಲನ್ನು ಬೇರುಸಹಿತ ಖುರಪಿಯಿಂದ ಕೀಳಬೇಕು. ಮೇಲೆ ಮೇಲೆ ಕತ್ತರಿಸಿದರೆ ಮೊದಲ ಮಳೆಗೇ ಎದ್ದು ನಿಲ್ಲುತ್ತದೆ. ಉಪ್ಪು ಹಾಕಿದರೆ ಹುಲ್ಲು ಸಾಯುತ್ತದೆ ನಿಜ, ಆದರೆ ಪಕ್ಕದ ಗಿಡಕ್ಕೂ ಕಲ್ಲಿಗೂ ಅದು ಒಳ್ಳೆಯದಲ್ಲ. ಸಡಿಲಾದ ಸಿಮೆಂಟ್ ಕೆರೆದು, ಧೂಳು ತೆಗೆದು, ಸಂದಿಯನ್ನು ಒದ್ದೆ ಮಾಡಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಸೋಸಿದ ಉಸುಕು ಕಲಸಿ ಒತ್ತಿ ತುಂಬುತ್ತೇನೆ. ಒಂದು ವಾರ ನೀರು ಹಾಕುವುದನ್ನು ಬಿಡಬಾರದು. ಮೇ ಬಿಸಿಲಿಗೆ ಬೇಗ ಒಣಗಿದರೆ ಅದು ಪುಡಿಪುಡಿ ಆಗುತ್ತದೆ.

ಇದರ ಜೊತೆಗೆ ಪೇರಲ ಗಿಡದ ಬಾಗಿದ ಟೊಂಗೆ ಕಡಿಯುತ್ತೇನೆ, ಬಿಸಿಲು ಬೀಳಲಿ ಅಂತ. ಕುಂಡಗಳ ಕೆಳಗೆ ಇಟ್ಟಿಗೆ ಚೂರು ಇಟ್ಟು ಗಾಳಿ ಆಡುವ ಹಾಗೆ ಮಾಡುತ್ತೇನೆ.

ಈಗ ಆ್ಯಸಿಡ್ ವಿಷಯ. ಇದನ್ನು ನಾನು ಎಲ್ಲರಿಗೂ ಕೈಹಿಡಿದು ಹೇಳುತ್ತೇನೆ. ಅಂಗಡಿಗೆ ಹೋದರೆ, "ಅಕ್ಕಾರ, ಆ್ಯಸಿಡ್ ಹಾಕ್ರಿ, ಒಂದ ಸಲಕ್ಕ ಬೆಳ್ಳಗ ಆಕ್ಕೈತಿ" ಅನ್ನುತ್ತಾರೆ. ಆಗುವುದು ನಿಜ. ಆದರೆ ಶಹಾಬಾದ ಫರಸಿ ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದರೆ ಬುರುಗು ಬರುತ್ತದೆ. ಅದು ಕೊಳೆ ಬಿಡುವ ಬುರುಗಲ್ಲ, ಕಲ್ಲೇ ಕರಗುವ ಬುರುಗು. ನುಣುಪಾದ ಮೈ ಒರಟಾಗುತ್ತದೆ. ಆ ಒರಟಿನಲ್ಲಿ ಮಣ್ಣು ಕೂರುತ್ತದೆ, ಮುಂದಿನ ವರ್ಷ ಪಾಚಿ ಇನ್ನೂ ಜಾಸ್ತಿ. ಟಾಯ್ಲೆಟ್ ಕ್ಲೀನರ್, ವಿನೆಗರ್, ನಿಂಬೆಹಣ್ಣು ಎಲ್ಲವೂ ಹುಳಿಯೇ, ಯಾವುದೂ ಬೇಡ.

ನಾನು ಬಳಸುವುದು ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಮತ್ತೆ ಉದ್ದ ಹಿಡಿಕೆಯ ಗಟ್ಟಿ ಪ್ಲಾಸ್ಟಿಕ್ ಬ್ರಷ್. ತಂತಿ ಬ್ರಷ್ ಗೀರು ಹಾಕುತ್ತದೆ, ಅದರ ಚೂರು ಉಳಿದು ತುಕ್ಕಿನ ಕಲೆಯೂ ಆಗುತ್ತದೆ. ಪಾಚಿ ಗಟ್ಟಿಯಾಗಿ ಹಿಡಿದಿದ್ದರೆ ಮಾತ್ರ ಬ್ಲೀಚಿಂಗ್ ಪೌಡರ್. ಒಂದು ಬಕೆಟ್ ತಣ್ಣೀರಿಗೆ ಎರಡು ದೊಡ್ಡ ಚಮಚ ಹಾಕಿ, ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರು ಮಾತ್ರ ಹಾಕುತ್ತೇನೆ. ಕಾಲು ಗಂಟೆ ಬಿಟ್ಟು ಉಜ್ಜಿ, ಸಾಕಷ್ಟು ನೀರಿನಿಂದ ತೊಳೆಯುತ್ತೇನೆ. ಕೈಗೆ ಗ್ಲೌಸ್ ಇರಲಿ, ತುಳಸಿ ಬುಡಕ್ಕೆ ನೀರು ಹೋಗದಿರಲಿ. ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಯಾವತ್ತೂ ಸೇರಿಸಬೇಡಿ. ಅದರಿಂದ ಏಳುವ ಕ್ಲೋರಿನ್ ಗಾಳಿ ಎದೆಗೆ ಹೋದರೆ ಜೀವಕ್ಕೇ ಅಪಾಯ.

ಹೊಸ್ತಿಲ ಪೂಜೆಯ ಅರಿಶಿನ ಬಿದ್ದರೆ ಗಾಬರಿ ಬೇಡ. ಸೋಪು ಹಾಕಿದರೆ ಕೆಂಪಾಗುತ್ತದೆ. ಬಿಸಿಲು ಬೀಳುವ ಜಾಗವಾದರೆ ಬಿಟ್ಟುಬಿಡಿ, ಬಣ್ಣ ತಾನೇ ಹೋಗುತ್ತದೆ. ಸ್ಕೂಟರಿನ ಎಣ್ಣೆ ಹಾಗಲ್ಲ. ಮೊದಲು ಹಳೆ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಆಮೇಲೆ ಮುಲ್ತಾನಿ ಮಿಟ್ಟಿಯನ್ನು ದಪ್ಪಗೆ ಕಲಸಿ ಮೆತ್ತಿ, ರಾತ್ರಿಯಿಡೀ ಬಿಟ್ಟು ಕೆರೆದರೆ ಬಹಳಷ್ಟು ಎಣ್ಣೆ ಹೀರಿಕೊಂಡಿರುತ್ತದೆ. ಹಳೆಯ ಕಲೆಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಮಳೆ ಶುರುವಾದ ಮೇಲೆ ಕೆಲಸ ಕಡಿಮೆ. ಎಲೆ ಕೊಳೆಯಲು ಬಿಡದೆ ದಿನಾ ಗುಡಿಸುವುದು, ಮಳೆ ಹೊಳವಾದಾಗ ನಿಂತ ನೀರು ತಳ್ಳುವುದು, ಗಟಾರದ ಜಾಳಿಗೆ ಬಿಡಿಸುವುದು. ಅತ್ತೆ ನಡೆಯುವ ದಾರಿಯನ್ನು ಮಾತ್ರ ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜುತ್ತೇನೆ.

ದಸರಾ ಹೊತ್ತಿಗೆ ಫರಸಿ ಒಣಗುವಾಗ ಸಂದಿಯ ಪಕ್ಕ ಬಿಳಿ ಪುಡಿ ಕಾಣಬಹುದು. ಅದು ಸಿಮೆಂಟಿನ ಉಪ್ಪು. ಅದಕ್ಕೆ ನೀರು ಹಾಕಬೇಡಿ, ಕರಗಿ ಮತ್ತೆ ಕಲ್ಲಿನೊಳಗೆ ಇಳಿಯುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಆ ಪುಡಿಯನ್ನು ಮೊರಕ್ಕೆ ಎತ್ತಿ ಹೊರಗೆ ಹಾಕಿ.